ಟಿಪ್ಪುವಿನ ಚಿಲ್ಲರೆ ಕಾಸು, ನನ್ನ 42 ಹಡಗು

"ಟಿಪ್ಪು ಒಂದು, ಟಿಪ್ಪು ಎರಡು ಅಂತ ಬರ್ಕೊಂಡು ಹೋಗಿ ಮಾರಾಯ್ರೇ. ಹಡಗಿನ ಹೆಸರು ಯಾರು ನೋಡ್ತಾರೆ?" ಅಂದಿದ್ದರು ಪ್ರಕಾಶಕರು, ನಾನು ಕಾದಂಬರಿಯ ಹಡಗುಗಳಿಗೆ ಹೆಸರು ಹುಡುಕುತ್ತಿದ್ದಾಗ. ಈಗ ಓದುಗರು ಮೊದಲು ಕೇಳುವುದೇ ಆ ಹೆಸರುಗಳ ಬಗ್ಗೆ. ಸ್ವಲ್ಪ ಜಂಬ ಬರದೆ ಇರುತ್ತಾ?

ನನ್ನ ಕಾದಂಬರಿಯಲ್ಲಿ 1799ರಲ್ಲಿ ಶ್ರೀರಂಗಪಟ್ಟಣ ಬೀಳುವುದಿಲ್ಲ. ಟಿಪ್ಪು 1796ರಲ್ಲಿ ಯೋಚಿಸಿದ್ದ ನೌಕಾಪಡೆ ಪೂರ್ತಿ ನೀರಿಗಿಳಿಯುತ್ತದೆ. 22 ದೊಡ್ಡ ಯುದ್ಧನೌಕೆ, 20 ಫ್ರಿಗೇಟು, ಅಂದರೆ ಅವಕ್ಕಿಂತ ಸಣ್ಣ, ವೇಗದ ಯುದ್ಧನೌಕೆ. ನೋಡಿಕೊಳ್ಳುವ ಅಧಿಕಾರಿಗಳು ಮೀರ್ ಯಮ್, ಅಂದರೆ ಸಮುದ್ರದ ಒಡೆಯರು. ನಮ್ಮ ಕಿವಿಗೆ ಯಮನೇ ಕೇಳಿಸುತ್ತಾನೆ, ಯುದ್ಧಕ್ಕೆ ಒಳ್ಳೆಯದೇ ಆಯಿತು.

ಮೊದಲು ದುಡ್ಡು ಕೊಟ್ಟು ಒಬ್ಬರಿಂದ ಪಟ್ಟಿ ಮಾಡಿಸಿದೆ. 3,500 ರೂಪಾಯಿ ಹೋಯಿತು. ಬಂದದ್ದು ಎಲ್ಲದರ ಮುಂದೆ 'ಅಲ್' ಅಂಟಿಸಿದ ಹೆಸರುಗಳು. ಭಟ್ಕಳದ ಉಸ್ತಾದರೊಬ್ಬರಿಗೆ ತೋರಿಸಿದರೆ ನಕ್ಕುಬಿಟ್ಟರು. "ಇವು ಹಡಗಿನ ಹೆಸರಾ, ತೊಟ್ಟಿಲಿನ ಹೆಸರಾ?" ಅಂದರು. 'ಅಲ್ ರಹಮಾನ್' ಕಂಡಾಗ ಮಾತ್ರ ನಗು ನಿಂತಿತು. "ದೇವರ ಹೆಸರನ್ನು ಹಾಗೇ ತೆಗೆದು ಮುಳುಗುವ ಮರಕ್ಕೆ ಇಡ್ತೀರಾ? ತೆಗೀರಿ ಇದನ್ನ." ತೆಗೆದೆ.

ಎರಡನೆಯ ಎಡವಟ್ಟು ಪೂರ್ತಿ ನನ್ನದೇ. 'ಗುರಾಬ್' ಎಂಬ ಪದ ಗತ್ತಿನದು ಅನ್ನಿಸಿ ಮುಖ್ಯ ಹಡಗಿಗೆ ಇಟ್ಟು, ನಕ್ಷೆಯನ್ನೂ ಅಚ್ಚು ಹಾಕಿಸಿದೆ. ಪಶ್ಚಿಮ ಕರಾವಳಿಯಲ್ಲಿ ಅದು ಒಂದು ಬಗೆಯ ಯುದ್ಧನೌಕೆಯ ಹೆಸರು. ದೋಣಿಗೆ 'ದೋಣಿ' ಅಂತಲೇ ಹೆಸರಿಟ್ಟ ಹಾಗೆ! ಸಾಲದ್ದಕ್ಕೆ ಅರಬ್ಬಿಯಲ್ಲಿ ಗುರಾಬ್ ಅಂದರೆ ಕಾಗೆ. 300 ನಕ್ಷೆ ರದ್ದಿಗೆ ಹೋದವು. ಹತ್ತಿರ ಹತ್ತಿರ 18,000.

ಮಧ್ಯದಲ್ಲಿ ಸುಮ್ನೆ ತುರ್ಕಿಯ ದಾರಿಯನ್ನೂ ನೋಡಿದೆ. ಒಟ್ಟೋಮನ್ನರು ಸುಲ್ತಾನ್ ಮಹಮೂದನ ಹೆಸರಿಗೆ 'ಇಯೆ' ಸೇರಿಸಿ 1829ರಲ್ಲಿ 128 ತೋಪಿನ 'ಮಹಮೂದಿಯೆ'ಯನ್ನು ನೀರಿಗಿಳಿಸಿದರು. ನಾನು 'ಹೈದರಿಯೆ' ಮಾಡಿದೆ. ಮನೆಯವಳು ಓದಿ, "ಹೈದರಿಯೇ? ಏನು, ಪ್ರಶ್ನೆನಾ?" ಅಂದಳು. ಅಲ್ಲಿಗೆ ಅದು ಮುಗಿಯಿತು.

ಆಮೇಲೆ ಹೊಳೆದದ್ದು ನಾಣ್ಯ. ಟಿಪ್ಪುವೇ ತನ್ನ ಒಂದೊಂದು ನಾಣ್ಯಕ್ಕೂ ಹೆಸರಿಟ್ಟ ಹುಚ್ಚಿನವನು, ನಾನ್ಯಾಕೆ ತಲೆ ಕೆಡಿಸಿಕೊಳ್ಳಲಿ? ಚಿನ್ನದವು ಅಹ್ಮದಿ, ಸಿದ್ದೀಕಿ, ಫಾರೂಕಿ. ಮೂರೂ ದೊಡ್ಡ ನೌಕೆಗಳಾದವು. ಬೆಳ್ಳಿಯಲ್ಲಿ ಎರಡು ರೂಪಾಯಿಯ ಹೈದರಿ, ಒಂದರ ಇಮಾಮಿ, ಆಮೇಲೆ ಅರ್ಧರ್ಧ ಇಳಿಯುತ್ತಾ ಆಬಿದಿ, ಬಾಕಿರಿ, ಜಾಫರಿ, ಕಾಜಿಮಿ, ಖಿಜ್ರಿ. ಇವು ಫ್ರಿಗೇಟು. ತಾಮ್ರದಲ್ಲಿ ಆಕಾಶವೇ ಇದೆ: ಮುಷ್ತರಿ ಗುರು, ಜೊಹ್ರಾ ಶುಕ್ರ, ಬಹ್ರಾಮ್ ಮಂಗಳ, ಅಖ್ತರ್ ನಕ್ಷತ್ರ, ಕುತುಬ್ ಧ್ರುವ. ಇವು ಚುರುಕಿನ ಸಣ್ಣ ಫ್ರಿಗೇಟಿಗೆ. ಹಡಗಿನ ಗಾತ್ರ ನಾಣ್ಯದ ಬೆಲೆಗೆ ತಾನಾಗಿ ಕೂತಿತು.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಖಿಜ್ರಿ. ರೂಪಾಯಿಯ 32ನೇ ಒಂದು ಪಾಲು, ಬೆಳ್ಳಿಯಲ್ಲಿ ತೀರಾ ಪುಟ್ಟದು. ಆದರೆ ಖ್ವಾಜಾ ಖಿಜ್ರ್ ನೀರಿನವರನ್ನು ಕಾಯುವವನು. ಹಾಗಾಗಿ ಪಡೆಯ ಮುಂದೆ ದಾರಿ ತೋರಿಸುತ್ತಾ ಹೋಗುವುದು ಅದೇ.

ಲೆಕ್ಕ ಹಾಕಿದರೆ 15 ಆಯಿತು. ಉಳಿದ 27 ಎಲ್ಲಿಂದ ಬಂದವು ಅಂತ ಈಗ ಹೇಳಲ್ಲ, ಎರಡನೇ ಭಾಗ ಮಾರಬೇಕಲ್ವಾ? ಒಂದು ಸುಳಿವು ಕೊಡ್ತೀನಿ. ಆಸ್ಥಾನದ ಭಾಷೆ ಪಾರಸಿ. ಔರಂಗಜೇಬನ ಹಡಗು 'ಗಂಜ್-ಇ-ಸವಾಯಿ'ಯನ್ನು 1695ರಲ್ಲಿ ಕಡಲ್ಗಳ್ಳರು ದೋಚಿದರಲ್ಲ, ಆ ಹೆಸರಿನ ನಡುವೆ ಎರಡು ಪದ ಬೆಸೆಯುವ 'ಇ' ನೋಡಿ.

ಅಚ್ಚಿಗೆ ಕೊಡುವ ಮೊದಲು ಉಸ್ತಾದರಿಗೆ ಮತ್ತೆ ಓದಿ ಹೇಳಿದೆ. 12ನೇ ಅಧ್ಯಾಯದವರೆಗೆ ತಲೆದೂಗಿದರು. ಅಲ್ಲಿ ಕುತುಬ್ ಮುಳುಗುತ್ತದೆ. "ಕಡಲಿನವರು ಧ್ರುವ ನೋಡಿ ದಾರಿ ಹಿಡಿಯೋರು. ಅದನ್ನೇ ಮುಳುಗಿಸ್ತೀರಾ?" ಅಂದರು. ಪುಟ ಕಟ್ಟಿ ಆಗಿತ್ತು. ಇನ್ನೊಂದು 1,200 ಕೊಟ್ಟು ಬಹ್ರಾಮನ್ನು ಮುಳುಗಿಸಿದೆ.