ಕನ್ನಡ ಕಲಿಸುವ ಮೊದಲು ಅವರ ಮನೆಮಾತು ಕೇಳುತ್ತೇನೆ

ಮಣಿಪಾಲದಲ್ಲಿ ಹೊರರಾಜ್ಯದವರಿಗೆ ಕನ್ನಡ ಕಲಿಸುವುದು ನನ್ನ ಕೆಲಸ. ಹೆಚ್ಚಿನವರು ಮೆಡಿಕಲ್ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು. ಭಾಷಾವಿಜ್ಞಾನದಲ್ಲಿ ಎಂ.ಎ. ಮುಗಿಸಿ ಈ ಕಡೆ ಬಂದೆ. "ಆ ಓದು ಕಲಿಸುವುದಕ್ಕೆ ಉಪಯೋಗ ಉಂಟಾ?" ಎಂದು ಇಲ್ಲಿನ ಡಿಗ್ರಿ ಮಕ್ಕಳು ಆಗಾಗ ಕೇಳುತ್ತಾರೆ. ತುಂಬ ಉಂಟು. ಎಲ್ಲಿ, ಹೇಗೆ ಎನ್ನುವುದನ್ನು ಬರೆಯುತ್ತೇನೆ.

ಬಿ.ಎ.ಯಲ್ಲಿ ಭಾಷಾವಿಜ್ಞಾನ ಓದಿರಲೇಬೇಕು ಎಂದಿಲ್ಲ. ನಾನು ಓದಿದ್ದು ಐಚ್ಛಿಕ ಕನ್ನಡ. ಎಂ.ಎ.ಗೆ ಹೈದರಾಬಾದಿಗೆ ಹೋದೆ. ಅಲ್ಲಿ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ (ಇಫ್ಲು) ಇದೆ, ಹೈದರಾಬಾದ್ ವಿಶ್ವವಿದ್ಯಾಲಯ ಇದೆ. ಪುಣೆಯ ಡೆಕ್ಕನ್ ಕಾಲೇಜಿಗೆ ಹೋಗುವವರೂ ಇದ್ದಾರೆ. ಮುಂದೆ ಕಾಲೇಜು ಕೆಲಸ ಬೇಕೆಂದರೆ ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲಿ ಭಾಷಾವಿಜ್ಞಾನವೇ ಒಂದು ವಿಷಯ.

ಮೊದಲ ವರ್ಷ ಪೂರ್ತಿ ಧ್ವನಿ, ಪದರಚನೆ, ವಾಕ್ಯರಚನೆ. ಪಾಠ ಹೇಳುವ ವಿಧಾನದ ಸುದ್ದಿಯೇ ಇರುವುದಿಲ್ಲ. ಎರಡನೇ ಭಾಷೆಯ ಕಲಿಕೆ ಎನ್ನುವ ಪೇಪರ್ ಬಂದಾಗ ಮಾತ್ರ ನನಗೆ ಇದೇ ನನ್ನ ದಾರಿ ಅನ್ನಿಸಿತು. ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಲಿಯುವವನಿಗೆ ಕಷ್ಟ ಎಲ್ಲಿ ಎಂದು ಮೊದಲೇ ಹೇಳಬಹುದು ಎಂಬುದು ಭಾಷಾವಿಜ್ಞಾನಿ ರಾಬರ್ಟ್ ಲಾಡೊ 1957ರಲ್ಲಿ ಮುಂದಿಟ್ಟ ಮಾತು. ಇನ್ನೊಬ್ಬ ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲಿ ಬೇರೆಯೇ ಕಡೆಯಿಂದ ನೋಡಿದರು. ಕಲಿಯುವವನ ತಪ್ಪು ಕೆಟ್ಟ ಅಭ್ಯಾಸವಲ್ಲ, ಅವನು ಒಳಗೊಳಗೇ ಕಟ್ಟಿಕೊಳ್ಳುತ್ತಿರುವ ವ್ಯಾಕರಣ ಅದರಲ್ಲಿ ಕಾಣುತ್ತದೆ ಎಂದರು. ನಾನು ಕಾರ್ಡರ್ ಪಕ್ಷ. ಆದರೆ ಲಾಡೊ ಇಲ್ಲದೆ ನನ್ನ ಕ್ಲಾಸು ನಡೆಯುವುದಿಲ್ಲ.

ಒಂದೇ ಬೆಂಚಿನಲ್ಲಿ ಕೇರಳದವರೂ ಉತ್ತರದವರೂ ಕೂತಿರುತ್ತಾರೆ. ಹಿಂದಿಯವರು "ನಾನು ಡಾಕ್ಟರ್ ಇಲ್ಲ" ಅನ್ನುತ್ತಾರೆ. ಅವರಿಗೆ ಇಲ್ಲ, ಅಲ್ಲ ಎರಡಕ್ಕೂ 'ನಹೀ' ಒಂದೇ. ಮಲಯಾಳಿಗಳಿಗೆ ಇದನ್ನು ಕಲಿಸಬೇಕಾಗಿಯೇ ಇಲ್ಲ, ಅವರ ಭಾಷೆಯಲ್ಲೂ ಇಲ್ಲ ಮತ್ತು ಅಲ್ಲ ಬೇರೆ ಬೇರೆ. ಆದರೆ ಮಲಯಾಳದ ಕ್ರಿಯಾಪದ ನಾನು, ನೀನು, ಅವಳು ಯಾರೇ ಬಂದರೂ ಬದಲಾಗುವುದಿಲ್ಲ. ಹಾಗಾಗಿ ಬಂದೆ, ಬಂದ, ಬಂದಳು ಅವರಿಗೆ ಬಹಳ ದಿನ ಕಾಡುತ್ತದೆ. "ಅಮ್ಮ ನಿನ್ನೆ ಬಂದ" ಎಂದು ಹೇಳಿಬಿಡುತ್ತಾರೆ. ಇಬ್ಬರಿಗೂ ಒಂದೇ ಅಭ್ಯಾಸದ ಹಾಳೆ ಕೊಟ್ಟರೆ ಇಬ್ಬರ ಸಮಯವೂ ಸುಮ್ನೆ ಹೋಗುತ್ತದೆ. ನಾನು ಬೇರೆ ಬೇರೆ ಹಾಳೆ ಮಾಡುತ್ತೇನೆ. "ನನಗೆ ಜ್ವರ" ಎಂಬ ರಚನೆಗೆ ಮಾತ್ರ ಹಾಳೆಯೇ ಬೇಡ. ಹಿಂದಿಯಲ್ಲೂ ಮಲಯಾಳದಲ್ಲೂ ಜ್ವರ ಬರುವುದು ಹಾಗೆಯೇ. ನಡುವೆ ಇಂಗ್ಲಿಷನ್ನು ತರದಿದ್ದರೆ ಸಾಕು.

ಮನೆಮಾತು ಕೇಳುವಾಗ ಒಂದು ವಿಷಯ ಗಮನಿಸಬೇಕು. ಫಾರಂನಲ್ಲಿ ಹೆಚ್ಚಿನವರು ಹಿಂದಿ ಎಂದು ಬರೆಯುತ್ತಾರೆ. ಅಷ್ಟಕ್ಕೇ ಬಿಡಬಾರದು. ಅಜ್ಜಿ ಹತ್ತಿರ ಏನು ಮಾತಾಡುತ್ತೀರಿ ಎಂದು ಕೇಳುತ್ತೇನೆ. ಹರಿಯಾಣ, ರಾಜಸ್ಥಾನ, ಪಂಜಾಬಿನ ಎಷ್ಟೋ ಮನೆಗಳ ಮಾತಿನಲ್ಲಿ ಳ ಇದೆ. ಶಾಲೆಯ ಹಿಂದಿಯಲ್ಲಿ ಅದಿಲ್ಲ. ಅಂಥವರಿಗೆ ನಾಲಗೆ ಹಿಂದೆ ಮಡಚಿ ಎಂದು ಪಾಠ ಮಾಡುವ ಅಗತ್ಯವಿಲ್ಲ. ಅಜ್ಜಿಯ ಮಾತಿನ ಒಂದು ಪದ ಹೇಳಿಸಿದರೆ ಹುಲಿ ಮತ್ತು ಹುಳಿ ಅಲ್ಲೇ ಬೇರೆಯಾಗುತ್ತವೆ. ಮನೆಯ ಮಾತನ್ನು ಕ್ಲಾಸಿನಲ್ಲಿ ಹೇಳಬಹುದು ಎಂದು ಗೊತ್ತಾದಾಗ ಆ ಮಕ್ಕಳ ಮುಖದಲ್ಲಿ ಕಾಣುವ ಸಂತೋಷ ನನಗೆ ತುಂಬ ಇಷ್ಟ. ಹ್ರಸ್ವ ಎ, ಒ ಮಾತ್ರ ಹಿಂದಿಯವರಿಗೆ ನಿಜಕ್ಕೂ ಹೊಸದು. ಬೆಳೆ, ಬೇಳೆ ಎರಡನ್ನೂ ಕಿವಿಗೆ ಮತ್ತೆ ಮತ್ತೆ ಬೀಳಿಸಬೇಕು. ಮೊದಲು ಕಿವಿ, ಆಮೇಲೆ ನಾಲಗೆ.

ಇನ್ನು ಯಾವ ಕನ್ನಡ ಕಲಿಸುವುದು? 2019ರಿಂದ ಎಂ.ಬಿ.ಬಿ.ಎಸ್. ಶುರುವಿನ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಯೂ ಸೇರಿದೆ. ಪುಸ್ತಕದಲ್ಲಿ "ನಿಮಗೆ ಏನಾಗುತ್ತಿದೆ?" ಎಂದಿರುತ್ತದೆ. ವಾರ್ಡಿನಲ್ಲಿ ಕೇಳಿಸುವುದು "ಎಂತ ಆಗ್ತದೆ?", "ನೋವು ಎಲ್ಲಿ ಉಂಟು?" ನಾನು ಮಾತಿಗೆ ಈ ಕರಾವಳಿ ಕನ್ನಡವನ್ನೇ ಕಲಿಸುತ್ತೇನೆ, ಓದುವುದಕ್ಕೆ ಪುಸ್ತಕದ್ದು. ಪ್ರಶ್ನೆ ಕೇಳಲು ಬೇಗ ಕಲಿಯುತ್ತಾರೆ, ಉತ್ತರ ಅರ್ಥವಾಗುವುದೇ ಕಷ್ಟ. ಚುಚ್ಚಿದ ಹಾಗೆ, ಸೆಳೆದ ಹಾಗೆ, ಎದೆ ಉರಿ, ಕಾಲು ಜೋಮು, ಸಂಕಟ... ರೋಗಿ ಹೀಗೆಲ್ಲ ಹೇಳುತ್ತಾರೆ ಅಲ್ವಾ? ಅದಕ್ಕೇ ನನ್ನ ಪಾಠದಲ್ಲಿ ಮಾತಿಗಿಂತ ಕೇಳಿಸಿಕೊಳ್ಳುವ ಕೆಲಸ ಜಾಸ್ತಿ.

ಹೀಗೆ ಪಾಠ ನಡೆಸುವುದಕ್ಕೆ ದಾರಿ ತೋರಿಸಿದ್ದು ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರ ಬೆಂಗಳೂರು ಯೋಜನೆ. 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆದದ್ದು. ವ್ಯಾಕರಣದ ಪಟ್ಟಿ ಬದಿಗಿಟ್ಟು ರೈಲಿನ ವೇಳಾಪಟ್ಟಿ, ನಕ್ಷೆ ಕೊಟ್ಟು ಮಕ್ಕಳಿಂದ ಯೋಚನೆ ಮಾಡಿಸಿ ಇಂಗ್ಲಿಷ್ ಕಲಿಸಿದರು. ಇವತ್ತು ಬೇರೆ ದೇಶಗಳಲ್ಲೂ ಟಾಸ್ಕ್ ಆಧಾರಿತ ಕಲಿಕೆಯ, ಅಂದರೆ ಒಂದು ಕೆಲಸ ಕೊಟ್ಟು ಅದರ ಮೂಲಕ ಭಾಷೆ ಕಲಿಸುವ ವಿಧಾನದ ಮಾತು ಬಂದಾಗ ಆ ಕೆಲಸವನ್ನು ನೆನೆಯುತ್ತಾರೆ. ನಮ್ಮ ಕಡೆ ಹುಟ್ಟಿದ ವಿಚಾರ ಎಂದು ನನಗೆ ಹೆಮ್ಮೆ. ನಾನು ಅದನ್ನು ಹೀಗೆ ಬಳಸುತ್ತೇನೆ: ಒಬ್ಬರ ಕೈಯಲ್ಲಿ ಡಾಕ್ಟರು ಸಿಗುವ ದಿನ, ಸಮಯದ ಚೀಟಿ. ಇನ್ನೊಬ್ಬರು ಹೆಬ್ರಿಯಿಂದ ಬಂದ ರೋಗಿ, ಅವರ ಹತ್ತಿರ ಬಸ್ ಸಮಯದ ಚೀಟಿ. ಮಾತಾಡಿ ಒಂದು ದಿನ ಗೊತ್ತು ಮಾಡಬೇಕು. ಸಂಜೆ ಬಸ್ ತಪ್ಪಬಾರದು. ಆ ಹೊತ್ತಿಗೆ ತಪ್ಪು ತಿದ್ದುವುದಿಲ್ಲ, ಬರೆದಿಟ್ಟುಕೊಳ್ಳುತ್ತೇನೆ. ಮರುದಿನದ ಹಾಳೆ ಅದರಿಂದಲೇ ತಯಾರಾಗುತ್ತದೆ.

ಎಂ.ಎ. ಆಮೇಲೆ ಸಂಶೋಧನೆ ಮಾಡುವ ಆಸೆ ಇದ್ದರೆ ವಿಷಯಕ್ಕೆ ದೂರ ಹೋಗಬೇಡಿ. ತುಳು, ಕೊಂಕಣಿ, ಬ್ಯಾರಿ, ಕುಂದಾಪುರ ಕನ್ನಡ, ಕೊರಗ ಭಾಷೆ ಎಲ್ಲ ಒಂದೇ ಬಸ್ಸಿನ ದಾರಿಯಲ್ಲಿವೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ತುಳು ನಿಘಂಟನ್ನು ಆರು ಸಂಪುಟಗಳಲ್ಲಿ ತಂದಿದೆ. ನಾನು ಈಗ ಅದನ್ನು ಪಕ್ಕದಲ್ಲಿಟ್ಟುಕೊಂಡು ನರ್ಸಿಂಗ್ ವಿದ್ಯಾರ್ಥಿಗಳಿಗೆ ತುಳು ಕೇಳಿಸಿಕೊಳ್ಳುವ ಪಾಠ ಮಾಡುತ್ತಿದ್ದೇನೆ. ತುಳು ಮಾತ್ರ ಬರುವ ಅಜ್ಜಿಯಂದಿರು ವಾರ್ಡಿಗೆ ಬರುತ್ತಲೇ ಇರುತ್ತಾರೆ.