ಬಸುರಿ ಇದ್ದಾಗ ಒಸಡಿನಲ್ಲಿ ರಕ್ತ ಬಂದರೂ ನಾನು ಬ್ರಷ್ ಬಿಡಲಿಲ್ಲ

ನಾನು ಬಾಗಲಕೋಟೆಯವಳು, ನವನಗರದಲ್ಲಿ ಮನೆ. ಮೂರನೇ ತಿಂಗಳು ನಡೆಯುವಾಗಲೇ ಹಲ್ಲು ಉಜ್ಜಿದರೆ ರಕ್ತ ಬರೋಕೆ ಶುರುವಾಯಿತು. ಒಸಡು ಉಬ್ಬಿ ಕೆಂಪಗಾಗಿತ್ತು, ರೊಟ್ಟಿ ಕಡಿದರೂ ಅದರ ಮೇಲೆ ರಕ್ತದ ಗುರುತು. ಅತ್ತೆ ನೋಡಿ, "ಬ್ರಷ್ ಬ್ಯಾಡ ಬಿಡವಾ, ಬರೇ ಉಪ್ಪುನೀರಾಗ ಬಾಯಿ ಮುಕ್ಕಳಿಸು" ಅಂದರು. ಕಾಳಜಿಯಿಂದಲೇ ಹೇಳಿದ್ದು. ಉಪ್ಪುನೀರು ಒಳ್ಳೇದೇ, ನಾನೂ ಮುಕ್ಕಳಿಸುತ್ತಿದ್ದೆ. ಆದರೆ ರಕ್ತ ಬಂತು ಅಂತ ಉಜ್ಜೋದು ಬಿಟ್ಟರೆ ಮುಂದೆ ರಕ್ತ ಇನ್ನೂ ಜಾಸ್ತಿ ಆಗುತ್ತದೆ.

ಬಸುರಿನಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎರಡೂ ಹಾರ್ಮೋನು ಏರುತ್ತವೆ. ಒಸಡಿಗೆ ರಕ್ತ ಹೆಚ್ಚು ಹರಿಯುತ್ತದೆ, ಹಲ್ಲಿನ ಬುಡದಲ್ಲಿ ಸ್ವಲ್ಪ ಕೊಳೆ ಕೂತರೂ ಸಾಕು, ಒಸಡು ಊದಿಕೊಳ್ಳುತ್ತದೆ. ಎಂಟನೇ ತಿಂಗಳ ತನಕ ಇದು ಏರುತ್ತಾ ಹೋಗಬಹುದು. ಹಾರ್ಮೋನು ನಮ್ಮ ಕೈಯಲ್ಲಿಲ್ಲ, ಕೊಳೆ ತೆಗೆಯೋದು ನಮ್ಮ ಕೈಯಲ್ಲಿದೆ ಅಲ್ವಾ? ಕೂಸು ತಾಯಿಯ ಹಲ್ಲಿನಿಂದ ಕ್ಯಾಲ್ಸಿಯಂ ಎಳ್ಕೊಳ್ಳುತ್ತೆ, ಅದಕ್ಕೇ ಹಲ್ಲು ಹಾಳಾಗುತ್ತೆ ಅನ್ನೋರು ಬಹಳ ಜನ. ಹಾಗೇನಿಲ್ಲ. ಊಟದಲ್ಲಿ ಕಡಿಮೆ ಬಿದ್ದರೆ ಕ್ಯಾಲ್ಸಿಯಂ ಹೋಗೋದು ಎಲುಬಿನಿಂದ, ಹಲ್ಲಿನಿಂದ ಅಲ್ಲ.

ನನಗೆ ಕಷ್ಟ ಕೊಟ್ಟಿದ್ದು ವಾಂತಿ. ವಾಂತಿಯಲ್ಲಿ ಹೊಟ್ಟೆಯ ಆಮ್ಲ ಬಾಯಿಗೆ ಬರುತ್ತದೆ, ಅದು ತಾಗಿ ಹಲ್ಲಿನ ಮೇಲ್ಪದರ ಸ್ವಲ್ಪ ಹೊತ್ತು ಮೆತ್ತಗಾಗಿರುತ್ತದೆ. ಬಾಯಿ ಕಹಿಯಾಗಿದೆ ಅಂತ ಆಗಲೇ ಬ್ರಷ್ ಹಾಕಿ ತಿಕ್ಕಿದರೆ ಆ ಪದರವೇ ಸವೆಯುತ್ತದೆ. ಅದಕ್ಕೆ ಬಚ್ಚಲ ಕಟ್ಟೆ ಮೇಲೆ ಒಂದು ಸ್ಟೀಲ್ ಲೋಟ, ಅಡುಗೆ ಸೋಡಾದ ಡಬ್ಬಿ, ಒಂದು ಸಣ್ಣ ಚಮಚ ಯಾವಾಗಲೂ ಇಟ್ಟಿರುತ್ತಿದ್ದೆ. ಲೋಟ ನೀರಿಗೆ ಒಂದು ಚಮಚ ಸೋಡಾ ಕಲಸಿ ಬಾಯಿ ತುಂಬ ಆಡಿಸಿ ಉಗುಳುವುದು, ನುಂಗಬಾರದು. ಬ್ರಷ್ ಮಾಡೋದು ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಟ್ಟ ಮೇಲೆ.

ಪೇಸ್ಟಿನ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಉಜ್ಜೋದು ನನಗೆ ಆಗುತ್ತಲೇ ಇರಲಿಲ್ಲ, ಹಾಗಾಗಿ ಏನಾದರೂ ಒಂದಿಷ್ಟು ತಿಂದು, ಹೊಟ್ಟೆ ತಣ್ಣಗಾದ ಮೇಲೆ ಉಜ್ಜುತ್ತಿದ್ದೆ. ಮಕ್ಕಳ ಬ್ರಷ್ ತಂದುಕೊಂಡೆ, ತಲೆ ಸಣ್ಣದು, ಎಳೆ ಮೆತ್ತಗೆ. ತಲೆ ಮುಂದಕ್ಕೆ ಬಾಗಿಸಿ ನಿಂತರೆ ನೊರೆ ಗಂಟಲಿಗೆ ಇಳಿಯಲ್ಲ. ಮೊದಲು ಮುಂದಿನ ಹಲ್ಲು, ದವಡೆ ಹಲ್ಲು ಕೊನೆಗೆ. ಬ್ರಷ್ಷನ್ನು ಒಸಡು ಮತ್ತು ಹಲ್ಲು ಸೇರುವ ಗೆರೆಗೆ ಸ್ವಲ್ಪ ಓರೆಯಾಗಿ ಹಿಡಿದು, ಒತ್ತದೆ, ಸಣ್ಣಗೆ ಅಲುಗಿಸಬೇಕು. ರಕ್ತ ಬರುವ ಜಾಗವನ್ನು ತಪ್ಪಿಸೋದಲ್ಲ, ಅಲ್ಲೇ ನಿಧಾನವಾಗಿ ಮಾಡಬೇಕು. ಪೇಸ್ಟ್ ಆಗದ ದಿನ ಬರೀ ನೀರಲ್ಲಿ ಉಜ್ಜಿದೆ. ಅದೂ ನಡೆಯುತ್ತದೆ. ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕಲಿಲ್ಲ.

ಐದನೇ ತಿಂಗಳಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಕ್ಲೀನಿಂಗ್, ಫಿಲ್ಲಿಂಗ್ ಎಲ್ಲ ಮಾಡಿಸಲು ನಾಲ್ಕರಿಂದ ಆರನೇ ತಿಂಗಳು ಅನುಕೂಲ, ವಾಂತಿ ಕಡಿಮೆಯಾಗಿರುತ್ತದೆ, ಹೊಟ್ಟೆ ಇನ್ನೂ ಅಷ್ಟು ಭಾರ ಇರಲ್ಲ. ಆದರೆ ಹಲ್ಲು ನೋವು ತಡೆಯೋಕಾಗದಿದ್ದರೆ, ಮುಖ ಊದಿದರೆ, ಜ್ವರ ಬಂದರೆ ತಿಂಗಳು ಎಣಿಸಬೇಡಿ, ಆಗಲೇ ಹೋಗಿ. ಎಷ್ಟನೇ ತಿಂಗಳು ಅಂತ ಮೊದಲೇ ಹೇಳಿ, ತಾಯಿ ಕಾರ್ಡ್ ತೋರಿಸಿ. ನನ್ನನ್ನು ಪೂರ್ತಿ ಅಂಗಾತ ಮಲಗಿಸಲಿಲ್ಲ. ಬಲಗಡೆ ಸೊಂಟದ ಕೆಳಗೆ ಒಂದು ಟವೆಲ್ ಮಡಚಿ ಇಟ್ಟು ಮೈ ಸ್ವಲ್ಪ ಎಡಕ್ಕೆ ವಾಲಿಸಿದರು. ಇಲ್ಲದಿದ್ದರೆ ಹೊಟ್ಟೆಯ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತುತ್ತದಂತೆ. ಮರಗಟ್ಟಿಸುವ ಇಂಜೆಕ್ಷನ್ ಬಗ್ಗೆ, ಎಕ್ಸ್‌ರೇ ಬಗ್ಗೆ ಕೇಳಿದೆ. ಲಿಡೊಕೇನ್ ಕೊಡಬಹುದು, ಬೇಕೇ ಬೇಕಾದರೆ ಸೀಸದ ಏಪ್ರನ್ ಹಾಕಿ ಎಕ್ಸ್‌ರೇನೂ ತೆಗೆಯಬಹುದು ಅಂದರು. ಹಲ್ಲು ನೋವಿಗೆ ಮೆಡಿಕಲ್ ಶಾಪಿನಿಂದ ಸುಮ್ನೆ ಮಾತ್ರೆ ತಂದು ನುಂಗೋದು ಮಾತ್ರ ಬೇಡವೇ ಬೇಡ. ಟೆಟ್ರಾಸೈಕ್ಲಿನ್ ಜಾತಿಯ ಆಂಟಿಬಯೋಟಿಕ್ ಮಾತ್ರೆಗಳು ಕೂಸಿನ ಹಲ್ಲಿನ ಬಣ್ಣ ಕೆಡಿಸುತ್ತವೆ, ಐಬುಪ್ರೊಫೆನ್ ತರಹದ ನೋವಿನ ಮಾತ್ರೆಯೂ ಬಸುರಿಗೆ ಸರಿಯಲ್ಲ.

ನನ್ನ ಮುಂದಿನ ಎರಡು ಹಲ್ಲಿನ ನಡುವೆ ಒಸಡಿನಲ್ಲಿ ಅಲಸಂದಿ ಕಾಳಿನಷ್ಟು ಕೆಂಪು ಗಂಟು ಎದ್ದಿತ್ತು, ಮುಟ್ಟಿದರೆ ರಕ್ತ. ಇದಕ್ಕೆ ಪ್ರೆಗ್ನೆನ್ಸಿ ಟ್ಯೂಮರ್ ಅಂತಾರೆ ಅಂದಾಗ ಎದೆ ಧಸಕ್ಕೆಂದಿತು. ಕ್ಯಾನ್ಸರ್ ಅಲ್ಲ, ಸಾಮಾನ್ಯವಾಗಿ ಹೆರಿಗೆ ಆದ ಮೇಲೆ ತಾನೇ ಇಳಿಯುತ್ತದೆ, ಉಗುರಿನಿಂದ ಕೆರೆಯಬೇಡಿ ಅಂತ ಡಾಕ್ಟರ್ ತಿಳಿಸಿ ಹೇಳಿದರು. ನನಗೆ ಹಾಗೇ ಇಳಿಯಿತು. ನಿಮಗೂ ಇಂಥದ್ದು ಕಂಡರೆ ಒಮ್ಮೆ ತೋರಿಸಿಯೇ ಬಿಡಿ.

ಇನ್ನು ಏಳನೇ ತಿಂಗಳ ಕುಬಸ, ಅಂದರೆ ಸೀಮಂತ. ಸಂಬಂಧಿಕರೆಲ್ಲ ಬುತ್ತಿ ತರುತ್ತಾರೆ, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಅಮೀನಗಡದ ಕರದಂಟು. ಪ್ರೀತಿಯಿಂದ ತಂದದ್ದನ್ನು ಬೇಡ ಅನ್ನೋಕಾಗುತ್ತಾ? ನಾನು ತಿಂದೆ, ಊಟದ ಜೊತೆಗೇ ತಿಂದೆ. ಕರದಂಟು ಹಲ್ಲಿಗೆ ಅಂಟಿಕೊಂಡು ಕೂರುತ್ತದೆ, ದಿನವಿಡೀ ಚೂರು ಚೂರು ಬಾಯಾಡಿಸುತ್ತಿದ್ದರೆ ಹಲ್ಲಿಗೆ ಬಿಡುವೇ ಇರಲ್ಲ. ನಡುವೆ ಹಸಿವಾದರೆ ಮೊಸರು, ಹುರಿದ ಶೇಂಗಾ, ಸೌತೆಕಾಯಿ.

ಮಿಶ್ರಿ ಬಗ್ಗೆ ಕಟುವಾಗಿಯೇ ಹೇಳುತ್ತೇನೆ. ಒಸಡು ಗಟ್ಟಿಯಾಗುತ್ತೆ ಅಂತ ಬಸುರಿಯರಿಗೂ ಕೊಡುವ ಹೆಂಗಸರು ನಮ್ಮ ಕಡೆ ಇನ್ನೂ ಇದ್ದಾರೆ. ಅದು ಹುರಿದು ಪುಡಿ ಮಾಡಿದ ತಂಬಾಕು. ಒಸಡಿಗೆ ಹಚ್ಚಿದರೆ ನಿಕೋಟಿನ್ ರಕ್ತಕ್ಕೆ ಸೇರಿ ಕೂಸಿಗೂ ಮುಟ್ಟುತ್ತದೆ, ಕೂಸಿನ ತೂಕ ಕಡಿಮೆಯಾಗಬಹುದು. ಯಾರೇ ಕೊಟ್ಟರೂ ಬೇಡ ಅನ್ನಿ.

ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಇರುತ್ತದೆ. ಹೋದಾಗ ಬಾಯಿಯನ್ನೂ ತೋರಿಸಿ, ಹಲ್ಲಿನ ಡಾಕ್ಟರ ಹತ್ತಿರ ಕಳಿಸಿ ಅಂತ ನೀವೇ ಕೇಳಿ. ಹೆರಿಗೆಯ ನಂತರವೂ ರಕ್ತ ನಿಲ್ಲದಿದ್ದರೆ ಬಾಣಂತನ ಅಂತ ಮುಂದೂಡಬೇಡಿ. ಹುಳುಕು ಹಲ್ಲಿನ ಬ್ಯಾಕ್ಟೀರಿಯಾ ತಾಯಿಯ ಎಂಜಲಿನಿಂದ ಕೂಸಿನ ಬಾಯಿಗೆ ಹೋಗುತ್ತದೆ, ಹಾಗಾಗಿ ಗಂಜಿ ಶುರು ಮಾಡಿದಾಗ ಅದೇ ಚಮಚವನ್ನು ಬಾಯಿಗಿಟ್ಟು ಬಿಸಿ ನೋಡಬೇಡಿ, ಒಂದು ಹನಿ ಮುಂಗೈ ಮೇಲೆ ಹಾಕಿಕೊಂಡರೆ ಗೊತ್ತಾಗುತ್ತದೆ.