ಮಾಳಿಗೆ ಮೇಲೆ ಟೆಲಿಸ್ಕೋಪು, ಕೆಳಗೆ ನಾನು

ಕಲಬುರಗಿಯ ನಮ್ಮ ಮನೆ ಮಾಳಿಗೆ ಮೇಲೆ ಸ್ಮಾರ್ಟ್ ಟೆಲಿಸ್ಕೋಪು (ಫೋನಿನಿಂದಲೇ ನಡೆಸಿ, ಚಿತ್ರವನ್ನೂ ಫೋನಿನಲ್ಲೇ ನೋಡುವಂಥದ್ದು) ಇಟ್ಟು ಕೆಳಗಿಳಿದರೆ ಸಾಕು, ಫೋನಿಗೂ ಅದಕ್ಕೂ ಸಂಪರ್ಕ ಕಡಿದುಹೋಗುತ್ತಿತ್ತು. ಪಕ್ಕದಲ್ಲೇ ನಿಂತರೆ ಯಾವ ತಕರಾರೂ ಇಲ್ಲ. ಆದರೆ ಓರಿಯನ್ ನೀಹಾರಿಕೆಯ ಚಿತ್ರ ಮೂಡುವವರೆಗೂ ಡಿಸೆಂಬರಿನ ಥಂಡಿಯಲ್ಲಿ ಯಾರು ಕೂತಾರು?

ಈ ಟೆಲಿಸ್ಕೋಪು ತಾನೇ ಒಂದು ಪುಟ್ಟ ಹಾಟ್‌ಸ್ಪಾಟು. ಬಯಲಿನಲ್ಲಿ ಅದು ಸಾಕು. ಕಬ್ಬಿಣದ ಸರಳು ತುಂಬಿದ ಸ್ಲ್ಯಾಬು, ಶಹಾಬಾದ್ ಕಲ್ಲಿನ ದಪ್ಪ ಗೋಡೆ ದಾಟಿ ಬರುವ ಹೊತ್ತಿಗೆ ಸಿಗ್ನಲ್ ಸೊರಗಿರುತ್ತದೆ.

ಮೊದಲು ಆ್ಯಪಿನಲ್ಲಿ ವೈಫೈ ಬ್ಯಾಂಡನ್ನು, ಅಂದರೆ ರೇಡಿಯೋ ಅಲೆಯ ಆವರ್ತನವನ್ನು, 5 ಗಿಗಾಹರ್ಟ್ಸ್ ಬಿಟ್ಟು 2.4ಕ್ಕೆ ಬದಲಿಸಿದೆ. ವೇಗ ಕಡಿಮೆ, ಗೋಡೆ ದಾಟುವ ತಾಕತ್ತು ಹೆಚ್ಚು. ಮೆಟ್ಟಿಲವರೆಗೆ ಸಿಗ್ನಲ್ ಬಂತು, ಅಷ್ಟೇ. ಫೋನಿನ ಮೊಬೈಲ್ ಡೇಟಾವನ್ನೂ ಆರಿಸಿದೆ. ಹಾಟ್‌ಸ್ಪಾಟಿನಲ್ಲಿ ಇಂಟರ್ನೆಟ್ ಇಲ್ಲವೆಂದು ಫೋನು ತಾನಾಗಿಯೇ ಆ ಕಡೆ ಜಿಗಿಯುವುದುಂಟು.

ಕೆಲಸ ಕೊಟ್ಟದ್ದು ಸ್ಟೇಷನ್ ಮೋಡ್. ಇದರಲ್ಲಿ ಟೆಲಿಸ್ಕೋಪು ತನ್ನ ಹಾಟ್‌ಸ್ಪಾಟಿನ ಬದಲು ಮನೆಯ ವೈಫೈಗೆ ಸೇರಿಕೊಳ್ಳುತ್ತದೆ. ಮೂಲೆಗೆ ಬಿದ್ದಿದ್ದ ಹಳೇ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ (ಮನೆಯ ವೈಫೈಯನ್ನೇ ಇನ್ನೊಂದು ಜಾಗದಿಂದ ಹರಡುವ ಸಾಧನ) ಮಾಡಿ, ಮಾಳಿಗೆ ಬಾಗಿಲ ಬಳಿ ಇಟ್ಟು, ಕೆಳಗಿನ ರೂಟರಿನಿಂದ ಲ್ಯಾನ್ ಕೇಬಲ್ ಎಳೆದೆ. ಸಿಗ್ನಲ್ಲನ್ನು ಗಾಳಿಯಲ್ಲೇ ಹಿಡಿದು ಮುಂದಕ್ಕೆ ಕಳಿಸುವ ವೈಫೈ ರಿಪೀಟರ್ ಕೊಳ್ಳುವುದಕ್ಕಿಂತ ಕೇಬಲ್ಲೇ ಮೇಲು ಅನ್ನುತ್ತೇನೆ, ನೋಡಲು ಚಂದ ಇರಲಿಕ್ಕಿಲ್ಲ. ಈಗ ಅಡುಗೆಮನೆಯಲ್ಲಿ ಕೂತರೂ ಚಿತ್ರ ಕಾಣುತ್ತದೆ.

ಕರೆಂಟು ಹೋದರೆ ರೂಟರೂ ಹೋಗುತ್ತದೆ, ಅದಕ್ಕೊಂದು ಚಿಕ್ಕ ಯುಪಿಎಸ್ ಬೇಕು. ಹೊಲಕ್ಕೆ ಒಯ್ದಾಗ ಮಾತ್ರ ಮತ್ತೆ ಹಾಟ್‌ಸ್ಪಾಟಿಗೇ ಬದಲಿಸಿಕೊಳ್ಳುತ್ತೇನೆ.